ಎತ್ತರಿಸಿದ ಬಂಡಿ

ದೇವಾಲಯದ ತೇರಿಗೆ ನಾಲ್ಕು ಚಕ್ರಗಳುಂಟು. ಆದರೆ ಆ ಚಕ್ರಗಳನ್ನು ಎಡಕ್ಕೋ ಬಲಕ್ಕೋ ತಿರುಗಿಸತಕ್ಕ ಸಾಧನವಿಲ್ಲ. ಮುಂದಣ ಅಚ್ಚೂ ಹಿಂದಣ ಅಚ್ಚೂ ಬುಡದ ತೊಲೆಗಳಿಗೆ ಬಿಗಿಯಲ್ಪಟ್ಟಿರುವುದರಿಂದ, ನೂರಾರು ಜನರು ಹಗ್ಗ ಹಿಡಿದು ಎಳೆದರೂ ತೇರು ತಾನು ಹಿಡಿದ ನೇರದಲ್ಲಿಯೇ ಹೋಗುವುದು. ಬೀದಿಯ ತಿರುವಿನಲ್ಲಿ ಅದನ್ನು ಒಲಿಸುವವರು ಚಕ್ರದ ಪಕ್ಕದಲ್ಲಿ ಬಾಗಿ ನಡೆಯುವ ನಾಲ್ಕಾರು ಮಂದಿ; ಅವರ ಕೈಯಲ್ಲಿರುವುದು ಮರದ ಬೆಣೆ. ಬೆಣೆಯನ್ನು ಓರೆಯಾಗಿ ಕೊಟ್ಟರೆ ಚಕ್ರವು ಅದರ ಮೈಮೇಲೆ ಜಾರಿ ಬೇಕಾದ ದಿಕ್ಕಿಗೆ ಸರಿಯುತ್ತದೆ. ಅಡ್ಡವಾಗಿ ಕೊಟ್ಟರೆ ನಿಲ್ಲುತ್ತದೆ. ಉತ್ಸವಕ್ಕೆ ಬಂದವರ ಕಣ್ಣು ಕಳಶದ ಮೇಲಿದ್ದರೆ, ಬೆಣೆ ಹಿಡಿದವರ ಕಣ್ಣು ನೆಲದ ಮೇಲಿರುವುದು.

ಎತ್ತಿನ ಗಾಡಿಗೆ ಈ ತೊಡಕಿಲ್ಲ. ಎರಡೇ ಚಕ್ರ, ಎತ್ತು ತಿರುಗಿದರೆ ಮೂಕಿ ತಿರುಗುವುದು, ಮೂಕಿ ತಿರುಗಿದರೆ ಗಾಡಿ ತಿರುಗುವುದು. ನಾಲ್ಕು ಚಕ್ರಗಳ ಬಂಡಿಯನ್ನು ತಿರುಗಿಸುವ ಚಿಂತೆ ಯೂರೋಪಿನವರನ್ನು ಬಹುಕಾಲ ಕಾಡಿತು. ಮುಂದಣ ಅಚ್ಚನ್ನೇ ನಡುವೆ ಒಂದು ಗೂಟಕ್ಕೆ ಸಿಕ್ಕಿಸಿ ಇಡಿಯಾಗಿ ತಿರುಗಿಸುತ್ತಿದ್ದರು. ಇಕ್ಕಟ್ಟಿನ ತಿರುವಿನಲ್ಲಿ ಬಂಡಿಯ ಮುಂಭಾಗಕ್ಕೆ ಆಸರೆ ತಪ್ಪಿ ಅದು ಮಗುಚಲು ಹವಣಿಸುತ್ತಿತ್ತು. ಅಚ್ಚು ಕದಲದೆ, ಅದರ ಎರಡು ತುದಿಗಳಲ್ಲಿ ಚಕ್ರಗಳು ಮಾತ್ರ ತಿರುಗುವಂತೆ ಮಾಡುವ ಉಪಾಯವನ್ನು ಮ್ಯೂನಿಕ್ ನಗರದ ಬಂಡಿಕಾರ ಲಾಂಕೆನ್‌ಸ್ಪೆರ್ಗರನು ಕಂಡುಹಿಡಿದನು. 1818ರಲ್ಲಿ ಲಂಡನ್ನಿನಲ್ಲಿ ಅದಕ್ಕೆ ಹಕ್ಕುಪತ್ರ ಪಡೆದವನು ಅವನ ಪ್ರತಿನಿಧಿಯಾದ ಆಕರ್ಮನ್ನನು. ಇಂದು ಲೋಕವೆಲ್ಲ ಅದನ್ನು ಆಕರ್ಮನ್ನನ ಹೆಸರಿನಿಂದಲೇ ಕರೆಯುವುದು. ಮಾಡಿದವನೊಬ್ಬ, ಹೆಸರು ಹೊತ್ತವನೊಬ್ಬ. ಗ್ರಂಥಲೋಕವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಈ ಪೀಠಿಕೆಗೆ ಕಾರಣವಾದದ್ದು ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿರುವ ಒಂದು ಹಳೆಯ ಬಂಡಿ. ಬಡಾವಣೆಯು 1892ರದು, ಹೆಂಚಿನ ಮನೆಗಳು ಒಂದೊಂದಾಗಿ ಇಳಿದು ಅಂತಸ್ತಿನ ಕಟ್ಟಡಗಳು ಏಳುತ್ತಿರುವಾಗ, ಆ ಒಂದು ಮನೆ ಮಾತ್ರ ಜಗಲಿಯೊಡನೆ ಉಳಿದಿದೆ. ಪಕ್ಕದ ಓಣಿಯಲ್ಲಿ ಮುತ್ತಜ್ಜನ ಕಾಲದಲ್ಲಿ ಜಟಕಾ ನಿಲ್ಲುತ್ತಿದ್ದಿತಂತೆ. ಈಗ ಅಲ್ಲಿ ನಿಂತಿರುವುದು ಮಹೀಂದ್ರ ಜೀಪಿನ ಉದ್ದ ಚೌಕಟ್ಟಿನ ಮೇಲೆ ತಗಡಿನ ಮೈ ಕಟ್ಟಿದ ವ್ಯಾಗನ್ನು. ಅಮೆರಿಕದ ವಿಲ್ಲಿಸ್ ಕಂಪೆನಿಯವರು ಯುದ್ಧ ಮುಗಿದೊಡನೆ, 1946ರಲ್ಲಿ, ಮರದ ಮೈಗೆ ಬದಲಾಗಿ ಉಕ್ಕಿನ ಮೈಯುಳ್ಳ ಸ್ಟೇಷನ್ ವ್ಯಾಗನ್ನನ್ನು ಹೊರತಂದರು. ಸೈನಿಕರ ಜೀಪು ಸಂಸಾರಿಗಳ ಬಂಡಿಯಾದದ್ದು ಹಾಗೆ. ಓಣಿಯ ಬಂಡಿಯೂ ಅದೇ ಜಾತಿಯದು. ಮನೆಯ ಯಜಮಾನರು ಅದನ್ನು ಕೊಂಡು ಇಪ್ಪತ್ತು ವರ್ಷ ನಡೆಸಿ, ಅದೇ ಓಣಿಯಲ್ಲಿ ನಿಲ್ಲಿಸಿ ತೀರಿಕೊಂಡರು. ಇಲಿಗಳು ಅದರಲ್ಲಿ ಸಂಸಾರ ಹೂಡಿದುವು.

ಅವರ ಮಗನಿಗೆ ಈಗ ನಲವತ್ತೈದರ ವಯಸ್ಸು. ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವ ಉದ್ಯೋಗ. ತಾಯಿಗೆ ಎಪ್ಪತ್ತೆರಡು, ಆಕೆಯ ತವರು ಕೊಪ್ಪದಿಂದಾಚೆ, ಅಡಿಕೆತೋಟದ ನಡುವಣ ಒಂಟಿಮನೆ. ಕೊನೆಯ ಎರಡು ಮೈಲಿಯ ದಾರಿಯನ್ನು ಮಳೆಯು ಕೊರೆದು, ನಡುವೆ ಒಂದು ಹಳ್ಳವನ್ನೂ ಹರಿಸಿ, ಪೇಟೆಯ ಕಾರುಗಳ ಹೊಟ್ಟೆ ಕಲ್ಲಿಗೆ ತಾಗುವಂತೆ ಮಾಡಿಬಿಟ್ಟಿತ್ತು. ಆಕೆ ತಮ್ಮನ ಮನೆಯನ್ನು ಕಂಡು ಆರು ವರ್ಷಗಳಾಗಿದ್ದುವು. ಬಾಯಿಬಿಟ್ಟು ಕೇಳಿದವರಲ್ಲ, ಆದರೆ ಅಡಿಕೆ ಕೊಯ್ಲಿನ ಕಾಲ ಬಂದಾಗಲೆಲ್ಲ ಒಂದೆರಡು ದಿನ ಮಾತು ಕಡಿಮೆಯಾಗುತ್ತಿತ್ತೆಂಬುದನ್ನು ಸೊಸೆ ಗಮನಿಸಿದ್ದಳು. ತಂದೆಯ ಬಂಡಿಯನ್ನು ಎಬ್ಬಿಸಿ, ಎತ್ತರಿಸಿ, ತಾಯಿಯನ್ನು ಅದರಲ್ಲಿ ತವರಿಗೆ ಕರೆದೊಯ್ಯುವುದೆಂದು ಮಗನು ನಿಶ್ಚಯಿಸಿದನು.

ಇಂತಹ ನಿಶ್ಚಯಕ್ಕೆ ಚಾಮರಾಜಪೇಟೆಗಿಂತ ಅನುಕೂಲವಾದ ಸ್ಥಳ ದೊರೆಯದು. ಒಂದು ಕಡೆ ಚಾಮರಾಜೇಂದ್ರ ಸಂಸ್ಕೃತ ಕಾಲೇಜು, ಮತ್ತೊಂದು ಕಡೆ ಕಲಾಸಿಪಾಳ್ಯದ ಗರಗಸ, ಸುತ್ತಿಗೆಗಳ ಸದ್ದು. ಅದರಾಚೆ ಪುರಭವನದಿಂದ ಮಿನರ್ವ ವೃತ್ತದ ದಿಕ್ಕಿಗೆ ಜಯಚಾಮರಾಜೇಂದ್ರ ರಸ್ತೆ, ಅದರ ಇಕ್ಕೆಲದಲ್ಲಿ ಮೋಟಾರಿನ ಬಿಡಿಭಾಗಗಳ ಅಂಗಡಿಗಳು. ಅಮರಕೋಶವನ್ನು ಬಾಯಿಪಾಠಮಾಡಿದ ಹುಡುಗನಿಗೆ ರಥದ ಅಂಗಗಳೆಲ್ಲ ಹೆಸರಿನಿಂದ ಗೊತ್ತು: ನೇಮಿ, ನಾಭಿ, ಅಕ್ಷ, ಕೂಬರ, ಅಚ್ಚಿನ ತುದಿಯ ಕೀಲಿಗೆ ಅಣಿ, ಈ ಅಣಿಯೇ ಒಕ್ಕಲಿಗನ ಬಾಯಲ್ಲಿ ಕಡಾಣಿ. ಆ ರಸ್ತೆಯ ಅಂಗಡಿಯ ಹುಡುಗನೂ ಹಾಗೆಯೇ ಕಿಂಗ್ ಪಿನ್ನು, ಟೈ ರಾಡು, ಡ್ರ್ಯಾಗ್ ಲಿಂಕು, ಬೆಲ್ ಕ್ರ್ಯಾಂಕು ಎಂದು ಒಂದೇ ಉಸಿರಿನಲ್ಲಿ ಹೇಳಿ, ಯಾವುದು ಯಾವ ವರ್ಷದ ಬಂಡಿಯದೆಂದು ವಿವರಿಸಬಲ್ಲನು. ಕೋಶಕಾರರ ಪರಂಪರೆ ಬೇರೆ ರೂಪದಲ್ಲಿ ಜೀವಂತವಾಗಿದೆಯೆನ್ನಬೇಕು.

ಬಂಡಿಯನ್ನು ಎತ್ತರಿಸುವುದು ಕಷ್ಟವಲ್ಲ. ಎಲ್ಲ ಕೇಡೂ ಅಲ್ಲಿಂದಲೇ ಮೊದಲಾಗುವುದು. ಜೀಪಿನ ಮೈಯನ್ನು ಹೊತ್ತಿರುವುದು ಕಮಾನುಪಟ್ಟಿಗಳ ಕಟ್ಟು. ಪಟ್ಟಿಯ ಒಂದು ತುದಿ ಚೌಕಟ್ಟಿಗೆ ಕೀಲಿಸಿದ್ದು, ಇನ್ನೊಂದು ಶಾಕಲ್ ಎಂಬ ಜೋಲುಕೊಂಡಿಯಲ್ಲಿ ತೂಗಾಡುವುದು. ಕಠೋಪನಿಷತ್ತಿನ ರಥರೂಪಕದಲ್ಲಿ ಸಾರಥಿಯುಂಟು, ಲಗಾಮುಂಟು, ಕುದುರೆಗಳುಂಟು, ದಾರಿಯೂ ಉಂಟು, ಕಮಾನುಪಟ್ಟಿಯ ಮಾತಿಲ್ಲ. ಆ ಕಾಲದ ರಥದಲ್ಲಿ ಅದು ಇದ್ದಿದ್ದರೆ ಋಷಿಯು ಅದನ್ನು ಯಾವುದಕ್ಕೆ ಹೋಲಿಸುತ್ತಿದ್ದನೋ ಹೇಳುವುದು ಕಷ್ಟ. ಅದಂತಿರಲಿ. ಮಗನು ಉದ್ದನೆಯ ಶಾಕಲ್ಲುಗಳನ್ನು ತಂದು ಹಾಕಿದನು. ಕಮಾನಿನ ಒಂದೇ ತುದಿ ಕೆಳಗಿಳಿಯುವುದಾದಕಾರಣ, ಶಾಕಲ್ಲು ಎರಡು ಅಂಗುಲ ಉದ್ದವಾದರೆ ಬಂಡಿ ಏರುವುದು ಒಂದೇ ಅಂಗುಲ. ಅದು ಸಾಲದೆಂದು ಮುಂದೆ ಹೆಚ್ಚಿನ ಪಟ್ಟಿಗಳು, ಹಿಂದಣ ಅಚ್ಚಿಗೆ ಕಬ್ಬಿಣದ ದಿಮ್ಮಿ, ಅದರ ಮೇಲೆ ದೊಡ್ಡ ಟೈರುಗಳು. ಚೌಕಟ್ಟು ನಾಲ್ಕು ಅಂಗುಲ ಮೇಲೆದ್ದಿತು. ಬೀದಿಯ ಮಕ್ಕಳು ಬಂದು ನೋಡಿ ಮೆಚ್ಚಿದರು.

ಮೊದಲ ಪರೀಕ್ಷೆಗೆ ಕನಕಪುರದ ರಸ್ತೆಯಲ್ಲಿ ಹೊರಟಾಗ ಹಿಂದಣ ಪೀಠದಲ್ಲಿ ಹೆಂಡತಿಯೂ ಹನ್ನೆರಡು ವರ್ಷದ ಮಗಳೂ ಇದ್ದರು. ಗಂಟೆಗೆ ಅರುವತ್ತು ಕಿಲೋಮೀಟರಿನ ವೇಗದಲ್ಲಿ ಸೇತುವೆಯೊಂದರ ಸಂದಿಗೆ ಮುಂಚಕ್ರಗಳು ತಾಗಿದುವು. ಮರುಕ್ಷಣದಲ್ಲಿ ಆ ಎರಡು ಚಕ್ರಗಳೂ ಎಡಬಲಕ್ಕೆ ತಲೆಯೊದರಲಾರಂಭಿಸಿ, ಚಾಲಕನ ಕೈಚಕ್ರವು ಹಿಡಿತಕ್ಕೆ ಸಿಕ್ಕದೆ ಕುಣಿದು, ಮುಂದಣ ತಗಡೆಲ್ಲ ಗಡಗಡಿಸಿತು. ವೇಗ ಇಳಿಯುವವರೆಗೆ ಅದು ನಿಲ್ಲಲಿಲ್ಲ. ಬಂಡಿಯು ಅಂಚಿಗೆ ಬಂದು ನಿಂತಾಗ ಮಗಳು ಅಳಲಿಲ್ಲ. ಕೆಳಗಿಳಿದು ಒಂದು ಮರದ ಕೆಳಗೆ ನಿಂತು, ತಾನಿನ್ನು ಇದರಲ್ಲಿ ಹತ್ತುವುದಿಲ್ಲವೆಂದಳು. ಅವಳನ್ನೂ ತಾಯಿಯನ್ನೂ ಬೇರೊಂದು ಬಾಡಿಗೆ ಕಾರಿನಲ್ಲಿ ಕಳುಹಿಸಿಕೊಟ್ಟು, ಆತನು ಇಪ್ಪತ್ತು ಕಿಲೋಮೀಟರಿನ ವೇಗದಲ್ಲಿ ಒಬ್ಬನೇ ಮನೆ ಸೇರಿದನು.

ಒಂದು ಕಾರ್ಖಾನೆಯವರು ಕೈಚಕ್ರದ ಅಲುಗನ್ನು ತಡೆಯುವ ಡ್ಯಾಂಪರೊಂದನ್ನು ಹಾಕಿ ಹಣ ತೆಗೆದುಕೊಂಡರು. ಕಂಪವು ಅಡಗಿತು, ತಿಂಗಳಿಗೆ ಮರಳಿ ಬಂತು. ಜ್ವರಕ್ಕೆ ತಣ್ಣೀರು ಬಟ್ಟೆ ಹಾಕಿದಂತಾಯಿತೇ ಹೊರತು ರೋಗಕ್ಕೆ ಮದ್ದಾಗಲಿಲ್ಲ. ಆಗ ಯಾರೋ ಹೇಳಿ, ಕಲಾಸಿಪಾಳ್ಯದ ಹಿಂದಣ ಓಣಿಯೊಂದರಲ್ಲಿ ಐವತ್ತು ವರ್ಷದಿಂದ ಜೀಪುಗಳನ್ನೇ ನೋಡಿಕೊಂಡಿದ್ದ ಮುದುಕ ಸಾಹೇಬರೊಬ್ಬರ ಬಳಿಗೆ ಬಂಡಿ ಹೋಯಿತು. ಅವರಲ್ಲಿ ಯಂತ್ರಗಳು ಹೆಚ್ಚಿರಲಿಲ್ಲ. ಸಮತಟ್ಟಾದ ಸಿಮೆಂಟಿನ ನೆಲ, ಒಂದು ತೂಗುಗುಂಡು, ದಾರದ ಉಂಡೆ, ಸೀಮೆಸುಣ್ಣ. ಬಂಡಿಯ ಕೆಳಗೆ ಮಲಗಿ ಎದ್ದುಬಂದು ಅವರು ಕೇಳಿದ ಮೊದಲ ಪ್ರಶ್ನೆ, “ಇದನ್ನು ಯಾತಕ್ಕೆ ಮೇಲೆತ್ತಿದ್ದೀರಿ?” ಎಂಬುದು. ತಾಯಿಯನ್ನು ಊರಿಗೆ ಕರೆದೊಯ್ಯಲು ಎಂದು ಹೇಳಲು, “ಅಮ್ಮನವರು ಹತ್ತಿ ನೋಡಿದರೇ?” ಎಂದರು.

ಹತ್ತಿ ನೋಡಿರಲಿಲ್ಲ. ಮೊಳಕಾಲಿನ ಬೇನೆಯ ಮುದುಕಿ ಎರಡಡಿಗೂ ಹೆಚ್ಚು ಎತ್ತರದ ಆ ಮೆಟ್ಟಿಲಿಗೆ ಕಾಲೆತ್ತಿ ಇಡಲಾರಳೆಂಬುದು ಎರಡು ವರ್ಷದ ದುಡಿಮೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸಾಹೇಬರು ತೋರಿಸಿದ ದೋಷಗಳು ಮೂರು ನಾಲ್ಕು. ಅವುಗಳಲ್ಲಿ ಎರಡನ್ನು ವಿವರವಾಗಿ ಹೇಳಬೇಕು. ಮೊದಲನೆಯದು ಕಿಂಗ್ ಪಿನ್ನಿನ ಒಲವು. ಚಕ್ರವು ಯಾವ ಗೂಟದ ಸುತ್ತ ಎಡಬಲಕ್ಕೆ ತಿರುಗುವುದೋ ಆ ಗೂಟದ ತಲೆ ಕೊಂಚ ಹಿಂದಕ್ಕೆ ಒರಗಿರಬೇಕು. ಇದನ್ನು ಕ್ಯಾಸ್ಟರ್ ಎನ್ನುವರು. ಹಾಗಿದ್ದರೆ ಗೂಟದ ನೇರವು ನೆಲವನ್ನು ಮುಟ್ಟುವ ಬಿಂದು ಮುಂದಿರುವುದು, ಟೈರು ನೆಲವನ್ನು ಕಚ್ಚುವ ಸ್ಥಳ ಅದರ ಹಿಂದೆ ಬೀಳುವುದು. ಎಳೆದ ಚಕ್ರವು ತಾನಾಗಿ ನೇರಕ್ಕೆ ಬರುವುದು. ಬಂಡಿಯ ಮುಂದಣ ಕಮಾನಿಗೆ ಶಾಕಲ್ಲು ಮುಂತುದಿಯಲ್ಲಿದ್ದಿತು. ಅದು ಉದ್ದವಾದೊಡನೆ ಕಮಾನಿನ ಮುಂತುದಿ ತಗ್ಗಿ, ಅದಕ್ಕೆ ಬಿಗಿದ ಅಚ್ಚೂ ಮುಂದಕ್ಕೆ ಬಾಗಿ, ಗೂಟದ ಹಿನ್ನೊಲವೆಲ್ಲ ಅಳಿಸಿಹೋಗಿತ್ತು. ತನ್ನ ನೇರವನ್ನು ಮರೆತ ಚಕ್ರಕ್ಕೆ ಒಂದು ಪೆಟ್ಟು ತಗುಲಿದರೆ ಸಾಕು, ಸವೆದ ಕೀಲುಗಳ ಸಡಿಲಿನೊಳಗೆ ಅದು ಆಡತೊಡಗುವುದು. ಹಳೆಯ ಜೀಪುಗಳಲ್ಲಿ ಕೈಚಕ್ರಕ್ಕೂ ರಸ್ತೆಯ ಚಕ್ರಕ್ಕೂ ನಡುವೆ ಬೆಲ್ ಕ್ರ್ಯಾಂಕೆಂಬ ಇನ್ನೊಂದು ಮಧ್ಯಸ್ಥವುಂಟು. ಮಧ್ಯಸ್ಥರು ಹೆಚ್ಚಿದಷ್ಟೂ ಸಡಿಲು ಹೆಚ್ಚುವುದು.

ಎರಡನೆಯದು ಕಡ್ಡಿಯ ಓರೆ. ತಿರುಗಿಸುವ ಕಡ್ಡಿಯ ಒಂದು ತುದಿ ಚೌಕಟ್ಟಿನ ಕಡೆಯದು, ಮತ್ತೊಂದು ತುದಿ ಅಚ್ಚಿನ ಕಡೆಯದು. ಚೌಕಟ್ಟು ಮೇಲೇರಿದರೆ ಕಡ್ಡಿ ಇಳಿಜಾರಾಗುವುದು. ಅದರಿಂದೇನಾಯಿತು ಎನ್ನುವವರು ಬೌಧಾಯನರ ಶುಲ್ಬಸೂತ್ರದ ಕರ್ಣಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಕಡ್ಡಿಯ ಉದ್ದ 30 ಅಂಗುಲವೆಂದಿಟ್ಟುಕೊಳ್ಳೋಣ. ಅದು ಮಟ್ಟವಾಗಿರುವಾಗ ಚಕ್ರವು ಹಳ್ಳದಿಟ್ಟೆಯಲ್ಲಿ ಒಂದು ಅಂಗುಲ ಏರಿದರೆ, ಕಡ್ಡಿಯ ಅಡ್ಡಳತೆಯಲ್ಲಿ ಆಗುವ ವ್ಯತ್ಯಾಸ ಅಂಗುಲದ ಅರುವತ್ತರಲ್ಲೊಂದು ಭಾಗ, ಗಣನೆಗೆ ಬಾರದು. ಅದೇ ಕಡ್ಡಿಯ ಒಂದು ತುದಿ ನಾಲ್ಕು ಅಂಗುಲ ಮೇಲಿದ್ದರೆ, ಅದೇ ಒಂದು ಅಂಗುಲದ ಏರಿಗೆ ವ್ಯತ್ಯಾಸವು ಅಂಗುಲದ ಎಂಟನೆಯ ಒಂದು ಭಾಗಕ್ಕೆ ಸಮೀಪ, ಹಿಂದಿನದರ ಏಳರಷ್ಟು. ಎಂದರೆ ಸಾರಥಿಯು ಕೈಯನ್ನು ಅಲುಗಿಸದಿದ್ದರೂ ರಸ್ತೆಯ ಪ್ರತಿಯೊಂದು ಉಬ್ಬೂ ಚಕ್ರವನ್ನು ತಾನೇ ತಿರುಗಿಸುವುದು. ಸಾಹೇಬರಿಗೆ ಬೌಧಾಯನರ ಪರಿಚಯವಿರಲಿಲ್ಲ. ದಾರ ಹಿಡಿದು ತೋರಿಸಿದ್ದು ಅದನ್ನೇ.

ಉಳಿದವುಗಳಲ್ಲಿ ಅತಿ ಚಿಕ್ಕದೇ ಅತಿ ಭಯಂಕರವಾದದ್ದು. ಬ್ರೇಕಿನ ಎಣ್ಣೆ ಹರಿಯುವ ರಬ್ಬರಿನ ಕೊಳವೆ ಮೊದಲಿನ ಉದ್ದದ್ದೇ ಆಗಿತ್ತು. ಮುಂಚಕ್ರವು ಗುಂಡಿಯಲ್ಲಿ ಜೋತುಬಿದ್ದರೆ ಅದು ತಂತಿಯಂತೆ ಬಿಗಿಯುತ್ತಿತ್ತು. ತವರಿನ ಹಳ್ಳದಲ್ಲಿ ಅದು ಹರಿದಿದ್ದರೆ ಏನಾಗುತ್ತಿತ್ತೆಂಬುದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ.

ಇದೇ ದಿನಗಳಲ್ಲಿ, 2025ರ ಮಾರ್ಚಿಯಲ್ಲಿ, ಆನೇಕಲ್ ತಾಲ್ಲೂಕಿನ ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಹೊರಟಿದ್ದ ಎತ್ತರದ ತೇರುಗಳು ಉರುಳಿ ಪ್ರಾಣಹಾನಿಯಾದ ಸುದ್ದಿ ಬಂದಿತು. ಆ ಕಡೆಯವರು ಕುರ್ಜು ಎಂದು ಕರೆಯುವ ಈ ತೇರುಗಳು ನೂರಡಿಯನ್ನು ಮೀರಿ ಏಳುವುವು, ಊರೂರಿಗೂ ಪೈಪೋಟಿ. ಹಿಂದಿನ ವರ್ಷ, 2024ರ ಏಪ್ರಿಲಿನಲ್ಲಿಯೂ ಒಂದು ಬಿದ್ದಿತ್ತು. ಚಾಮರಾಜಪೇಟೆಯ ಮನೆಯಲ್ಲಿ ಎಲ್ಲರೂ ಕುಳಿತು ಆ ಚಿತ್ರವನ್ನು ದೂರದರ್ಶನದಲ್ಲಿ ನೋಡುತ್ತಿದ್ದಾಗ ಮುದುಕಿ, “ಮೇಲೆ ಎತ್ತರ ಮಾಡಿದವರಿಗೆ ಕೆಳಗೆ ಅಗಲ ಮಾಡಬೇಕೆಂದು ತೋಚಲಿಲ್ಲವೇ?” ಎಂದರು. ಮಗನ ಕಡೆಗೆ ತಿರುಗಿ ಆಡಿದ ಮಾತಲ್ಲ. ಆದರೂ ಅವನೆದ್ದು ಓಣಿಗೆ ಹೋದನು.

ಮುದುಕಿಯ ಮಾತು ಸ್ಥಿತಿಶಾಸ್ತ್ರದ ಮಾತೇ. ಬಂಡಿಯು ಪಕ್ಕಕ್ಕೆ ಎಷ್ಟು ವಾಲಿದರೆ ಉರುಳುವುದೆಂಬುದನ್ನು ಅದರ ಅಗಲದ ಅರ್ಧವೂ ಗುರುತ್ವಕೇಂದ್ರದ ಎತ್ತರವೂ ನಿರ್ಣಯಿಸುವುವು. ಲೆಕ್ಕಕ್ಕಾಗಿ ಚಕ್ರಗಳ ನಡುವಣ ಅಗಲ 48 ಅಂಗುಲ, ಕೇಂದ್ರದ ಎತ್ತರ 26 ಅಂಗುಲ ಎಂದು ಹಿಡಿದರೆ, ಸುಮಾರು 43 ಅಂಶಗಳ ಓರೆಯವರೆಗೆ ಬಂಡಿ ತಾಳುವುದು. ಕೇಂದ್ರವು 30 ಅಂಗುಲಕ್ಕೆ ಏರಿದರೆ 39 ಅಂಶವನ್ನೂ ತಾಳದು. ಇದು ನಿಂತ ಬಂಡಿಯ ಲೆಕ್ಕ. ತಿರುವಿನಲ್ಲಿ ಓಡುವಾಗ, ಮೃದುವಾದ ಕಮಾನಿನ ಮೇಲೆ ತೂಗಾಡುವಾಗ, ಉಳಿಯುವ ಅವಕಾಶ ಇನ್ನೂ ಕಡಿಮೆ.

ಶಾಸನದ ಮಾತೂ ಒಂದುಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಬಂಡಿಯನ್ನು ಬದಲಾಯಿಸಕೂಡದೆಂದು ವಿಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಹದಿನೈದು ವರ್ಷ ಕಳೆದ ಖಾಸಗಿ ಬಂಡಿಯನ್ನು ಐದು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯಬೇಕು. ಹವ್ಯಾಸಿಗಳು ಈ ಕಾಯಿದೆಯನ್ನು ಬಯ್ಯುವುದುಂಟು. ಬಯ್ಗುಳದಲ್ಲಿ ಕೊಂಚ ನ್ಯಾಯವೂ ಇರಬಹುದು. ಆದರೆ ಕನಕಪುರದ ರಸ್ತೆಯ ಮರದ ಕೆಳಗೆ ನಿಂತ ಹುಡುಗಿಯ ಮುಖವನ್ನು ಕಂಡವರಿಗೆ ಕಾಯಿದೆಯ ತಾತ್ಪರ್ಯ ಬೇಗ ತಿಳಿಯುವುದು.

ಮುಂದೆ ಸಾಹೇಬರು ಮಾಡಿದ ಕೆಲಸದ ಸೊಗಸು ಬೇರೆ. “ನಿಮ್ಮ ಗಾಡಿ ಎತ್ತರ ಸಾಲದೆ ಹೊಟ್ಟೆ ತಾಗಿಸಿಕೊಳ್ಳುತ್ತಿರಲಿಲ್ಲ, ಅದು ಕುಸಿದು ಕೂತಿತ್ತು” ಎಂದು ಅವರ ನಿದಾನ. ಮೂವತ್ತು ವರ್ಷ ಭಾರ ಹೊತ್ತ ಕಮಾನುಗಳು ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದುವು. ಅಳೆದು ನೋಡಲಾಗಿ ಕಂಪೆನಿಯ ಎತ್ತರಕ್ಕಿಂತ ಎರಡು ಅಂಗುಲ ಕೆಳಗೆ. ಉದ್ದ ಶಾಕಲ್ಲು, ದಿಮ್ಮಿ, ಹೆಚ್ಚಿನ ಪಟ್ಟಿ, ದೊಡ್ಡ ಟೈರು ಎಲ್ಲವನ್ನೂ ಕಿತ್ತುಹಾಕಿ, ಹಳೆಯ ಕಮಾನುಗಳನ್ನು ಬಿಚ್ಚಿ, ಒಲೆಗೆ ಕೊಟ್ಟರೆ ಉಕ್ಕಿನ ಹದ ಹೋಗುವುದೆಂದು ತಣ್ಣಗೆಯೇ, ಒಂದೊಂದು ಪಟ್ಟಿಯನ್ನೂ ಅಡಿಗಲ್ಲಿನ ಮೇಲೆ ಸಾಲಾಗಿ ಬಡಿದು ಬಾಗನ್ನು ಮರಳಿ ತರಿಸಿದರು. ಬಡಿಯುವವನ ಕೈ ಅವಸರಪಟ್ಟರೆ ಪಟ್ಟಿ ಮುರಿಯುವುದು, ಅಳುಕಿದರೆ ಬಾಗದು. ಮೂರು ದಿನ ಹಿಡಿಯಿತು. ಪಟ್ಟಿಗಳ ನಡುವೆ ಗ್ರೀಸು, ಹೊಸ ಯು ಬೋಲ್ಟುಗಳು. ಕಿಂಗ್ ಪಿನ್ನಿನ ಬೇರಿಂಗುಗಳನ್ನು ಬದಲಿಸಿ ತೆಳ್ಳನೆಯ ತಗಡುಗಳಿಂದ ಬಿಗಿ ಹೊಂದಿಸಿದರು. ಬೆಲ್ ಕ್ರ್ಯಾಂಕಿನ ಸವೆದ ಗೂಟವನ್ನೂ ತೆಗೆದರು. ಅಷ್ಟಾದ ಮೇಲೂ ತೂಗುಗುಂಡಿಗೆ ಮುಂದಣ ಅಚ್ಚಿನ ಒಲವು ಕೊಂಚ ಕಡಿಮೆಯೆಂದು ಕಂಡಿತು. ಆಗ ಕಮಾನಿಗೂ ಅಚ್ಚಿಗೂ ನಡುವೆ ಎರಡು ಅಂಶದ ಓರೆಯುಳ್ಳ ಉಕ್ಕಿನ ಬೆಣೆಗಳನ್ನು ಸೇರಿಸಿದರು. ಹೆಚ್ಚು ಓರೆಯದನ್ನು ಹಾಕಿದರೇನೆಂದು ಮಗನು ಕೇಳಲು, ಅಚ್ಚು ತಿರುಗಿದಷ್ಟೂ ಅದಕ್ಕೆ ಶಕ್ತಿಯನ್ನೊಯ್ಯುವ ದಂಡದ ಕೀಲು ಕೆಳಗೆ ಬಾಗಿ, ನಾಲ್ಕು ಚಕ್ರವನ್ನೂ ಎಳೆಸುವ ಹೊತ್ತಿಗೆ ಅದು ನಡುಗುವುದೆಂದು ಹೇಳಿ, ಕೊಡುವುದರಲ್ಲಿ ಒಂದು ಕಡೆ ಕಿತ್ತುಕೊಳ್ಳದೆ ಯಾವ ಬೆಣೆಯೂ ಕೊಡದೆಂದು ನಕ್ಕರು. ಎರಡು ಚಕ್ರಗಳ ಮುಂದಣ ಅಂತರವು ಹಿಂದಣ ಅಂತರಕ್ಕಿಂತ ಕೂದಲೆಳೆಯಷ್ಟು ಕಡಿಮೆಯಿರುವಂತೆ ದಾರ ಕಟ್ಟಿ ಟೈ ರಾಡನ್ನು ತಿರುಗಿಸಿ ನಿಲ್ಲಿಸಿದುದೇ ಕೊನೆಯ ಕೆಲಸ. ಬಂಡಿಯು ಕಂಪೆನಿಯಿಂದ ಹೊರಟ ದಿನದ ಎತ್ತರಕ್ಕೆ ಬಂದಿತ್ತು. ಅದಕ್ಕಿಂತ ಒಂದು ಅಂಗುಲವೂ ಹೆಚ್ಚಿಲ್ಲ. ಬಾಗಿಲ ಕೆಳಗೆ ಮಡಿಸಿಡಬಹುದಾದ ಒಂದು ಮೆಟ್ಟಿಲನ್ನು ಮಾತ್ರ ಸಾಹೇಬರೇ ಕಟ್ಟಿಸಿ, ಅದಕ್ಕೆ ಹಣ ಬೇಡವೆಂದರು.

ಮಗಳು ಒಂದು ತಿಂಗಳವರೆಗೆ ಹತ್ತಲಿಲ್ಲ. ತಂದೆಯು ಒತ್ತಾಯಪಡಿಸಲಿಲ್ಲ, ಭಾನುವಾರ ಬೆಳಗ್ಗೆ ಒಬ್ಬನೇ ಅದೇ ಸೇತುವೆಯ ಮೇಲೆ ಹೋಗಿ ಬರುತ್ತಿದ್ದನು. ಐದನೆಯ ಭಾನುವಾರ ಅವಳು ಚಪ್ಪಲಿ ಮೆಟ್ಟಿಕೊಂಡು ಓಣಿಯಲ್ಲಿ ನಿಂತಿದ್ದಳು.

ಮಳೆ ನಿಂತ ಮೇಲೆ, ಡಿಸೆಂಬರಿನಲ್ಲಿ ಎಲ್ಲರೂ ಹೊರಟರು. ಮುದುಕಿ ಮೆಟ್ಟಿಲ ಮೇಲೆ ಕಾಲಿಟ್ಟು, ಬಾಗಿಲ ಹಿಡಿಯನ್ನು ಹಿಡಿದು, ಸಹಾಯವಿಲ್ಲದೆ ಮುಂದಣ ಪೀಠದಲ್ಲಿ ಕುಳಿತರು. ಕೊಪ್ಪ ಕಳೆದು ಕೊರಕಲು ದಾರಿ ಸಿಕ್ಕಾಗ ಬಂಡಿಯು ಮೆಲ್ಲನೆ ತೂಗುತ್ತ ನಡೆಯಿತು. ಹಳ್ಳದಲ್ಲಿ ನೀರು ಗುಂಬದ ಮಟ್ಟಕ್ಕೆ ಬಂದಿತೇ ಹೊರತು ಒಂದು ಕಲ್ಲೂ ಹೊಟ್ಟೆಗೆ ತಾಗಲಿಲ್ಲ. ಅಂಗಳದಲ್ಲಿ ಅಡಿಕೆ ಹರಡಿತ್ತು. ಅಕ್ಕ ತಮ್ಮಂದಿರು ಬಹಳ ಹೊತ್ತು ಏನನ್ನೂ ಮಾತನಾಡದೆ ಜಗಲಿಯ ಮೇಲೆ ಕುಳಿತಿದ್ದರು.

ರಾತ್ರಿ ಊಟವಾದ ಮೇಲೆ ಮಗನು ದೀಪ ಹಿಡಿದು ಬಂಡಿಯ ಕೆಳಗೆ ನುಸುಳಿ, ಟೈ ರಾಡಿನ ತುದಿಯ ನಟ್ಟುಗಳಲ್ಲಿ ಕಾಟರ್ ಪಿನ್ನುಗಳಿವೆಯೇ ಎಂದು ಒಂದೊಂದನ್ನಾಗಿ ಮುಟ್ಟಿ ನೋಡುತ್ತಿದ್ದನು. ಜಗಲಿಯಿಂದ ತಾಯಿಯ ಧ್ವನಿ ಕೇಳಿಸಿತು. ಗಾಡಿಗಳು ತೋಟಕ್ಕೆ ಹೊರಡುವ ಮುನ್ನ ಆಕೆಯ ತಂದೆ ಅದೇ ಅಂಗಳದಲ್ಲಿ ಆಳುಗಳನ್ನು ಕೂಗಿ ಕೇಳುತ್ತಿದ್ದ ಮಾತು ಅದು.

“ಕಡಾಣಿ ಇದೆಯೇನೋ?”

“ಇದೆಯಮ್ಮ,” ಎಂದು ಕೆಳಗಿನಿಂದ ಉತ್ತರ ಬಂದಿತು.